ದೆವ್ವಕ್ಕೂ ಮದುವೆಗೂ ಒಂದೇ ರೂಲಾ, ಅನಿಲ್ ಸರ್?

ಬೆಳಗಿನ ಐದೂಮುಕ್ಕಾಲು. ದೊಡ್ಡಬಳ್ಳಾಪುರದ ಗಲ್ಲಿಯೊಂದರ ಮಗ್ಗದ ಶೆಡ್ಡಿನಲ್ಲಿ ಈಗಷ್ಟೇ ಕರೆಂಟ್ ಹೋಗಿದೆ. ನಾಲ್ಕು ಮಗ್ಗಗಳೂ ಒಮ್ಮೆಗೇ ನಿಂತಿದ್ದರಿಂದ ಅಲ್ಲಿಯವರೆಗೆ ಕಿವಿಗೆ ಬೀಳದ ಕಾಗೆಯ ಕೂಗು, ಹಾಲಿನವನ ಹಾರ್ನ್, ಪಕ್ಕದ ಮನೆಯ ಕುಕ್ಕರ್ ಸೀಟಿ ಎಲ್ಲ ಒಟ್ಟಿಗೆ ಕೇಳಿಸುತ್ತಿವೆ. ಶೆಡ್ಡಿನಲ್ಲಿದ್ದವರು ಬಾಗಿಲ ಬೆಳಕು ಬೀಳುವ ಕಡೆ ಗೋಣಿಚೀಲ ಹಾಸಿಕೊಂಡು ಸುತ್ತ ಕೂರುತ್ತಾರೆ. ಒಳಮನೆಯಿಂದ ಸುಮೇರಾ ಬರುತ್ತಾರೆ. ತಲೆಯ ಮೇಲೆ ದುಪಟ್ಟಾ, ಕಂಕುಳಲ್ಲಿ ದಪ್ಪ ಪುಸ್ತಕ, ಕೈಯಲ್ಲಿ ದಾಳ ಇಟ್ಟ ಬಿಸ್ಕತ್ತಿನ ಡಬ್ಬಿ, ಕಿವಿಯ ಮೇಲೆ ಕೆಂಪು ಪೆನ್ನು.

"ಎಲ್ಲಿಗೆ ನಿಲ್ಸಿದ್ವಿ?" ಎಂದು ತಾವೇ ಕೇಳಿಕೊಂಡು ಗೋಡೆ ನೋಡುತ್ತಾರೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದೆ: 'ಬುಧವಾರ. ಮುನಿಲಕ್ಷ್ಮಮ್ಮ ಬಾವಿ ಕಟ್ಟೆ ಮೇಲೆ. ಹಗ್ಗ ಚಿಕ್ಕಬೀರಪ್ಪನ ಕೈಲಿ.'

ಮುನಿಲಕ್ಷ್ಮಮ್ಮ ಇಲ್ಲಿ ಎರಡು ಮಗ್ಗ ನೋಡಿಕೊಳ್ಳುವ ಹೆಂಗಸು, ಊರು ಸಾಸಲು, ವಯಸ್ಸು ಐವತ್ತೈದರ ಆಸುಪಾಸು. ಚಿಕ್ಕಬೀರಪ್ಪ ಈ ಗಲ್ಲಿಯ ಮಗ್ಗಗಳನ್ನೆಲ್ಲ ರಿಪೇರಿ ಮಾಡುವ ಮನುಷ್ಯ. ಇಬ್ಬರೂ ಗಂಭೀರವಾಗಿ ತಲೆಯಾಡಿಸುತ್ತಾರೆ, ಬಾವಿ ಪಕ್ಕದಲ್ಲೇ ಇದೆಯೇನೋ ಎಂಬಂತೆ.

"ಬಾವಿ ಒಳಗಿಂದ ನಿಮ್ ತಂಗಿ ದನಿ ಕೇಳ್ತಾ ಇದೆ, ಅಕ್ಕಾ. ಆದ್ರೆ ತಂಗಿ ಮನೇಲಿ ಮಲಗಿರೋದು ನೀವೇ ನೋಡ್ಕೊಂಡ್ ಬಂದಿದ್ದೀರಾ. ಈಗ ಏನ್ ಮಾಡ್ತೀರಾ?" ಸುಮೇರಾ ದನಿ ತಗ್ಗಿಸಿ ಕೇಳುತ್ತಾರೆ.

"ಇಳೀತೀನಿ," ಅಂತಾರೆ ಮುನಿಲಕ್ಷ್ಮಮ್ಮ. ಆಮೇಲೆ ಸುತ್ತ ನೋಡಿ, "ಎಲ್ರೂ ಬರ್ರಪ್ಪಾ, ಕೈ ಹಾಕ್ರಿ!"

ಐದು ಕೈ ಒಟ್ಟಿಗೆ ಮುಂದೆ ಬರುತ್ತವೆ. ದಾಳ ಉರುಳುತ್ತದೆ. ಒಂದು, ಇನ್ನೊಂದು ಒಂದು. ಎರಡು ದಾಳಕ್ಕೆ ಇದಕ್ಕಿಂತ ಕಡಿಮೆ ಬೀಳುವುದು ಸಾಧ್ಯವೇ ಇಲ್ಲ. ಸುಮೇರಾ ಸಾವಿನ ಸುದ್ದಿ ಹೇಳುವವರ ಹಾಗೆ ಲೆಕ್ಕ ಹೇಳುತ್ತಾರೆ. "ದಾಳ ಎರಡು, ನಿಮ್ ಬಲ ಮೂರು, ಕೈ ಐದು. ಹತ್ತಾಯ್ತು. ಹತ್ತು ಬಂದ್ರೆ ಗೆದ್ದಂಗೆ. ಗೆದ್ರಿ." ಆರೂ ಜನ ಬಾವಿಗಿಳಿದು ದೆವ್ವವನ್ನು ಹಿಡಿದು ಚಚ್ಚಿಹಾಕುತ್ತಾರೆ. ಶೆಡ್ ತುಂಬ ನಗು. ಸುಮೇರಾ ಮಾತ್ರ ನಗುವುದಿಲ್ಲ. ಕೆಂಪು ಪೆನ್ನು ತೆಗೆದು ಬರೆಯುತ್ತಾರೆ: 'ದೆವ್ವದ ಕಥೆ, ಹತ್ತೊಂಬತ್ತನೇ ಸಲ. ಯಾರಿಗೂ ಹೆದರಿಕೆ ಆಗಲಿಲ್ಲ.' ಅಷ್ಟರಲ್ಲಿ ಕರೆಂಟ್ ಬರುತ್ತದೆ. ಎಲ್ಲರೂ ದಡಬಡ ಎದ್ದು ಓಡುತ್ತಾರೆ. ಇನ್ನು ಇಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.

ಈ ಲೇಖನ ಬರೆಯುತ್ತೇನೆಂದು ಒಪ್ಪಿಕೊಂಡ ದಿನದಿಂದ ನನ್ನ ತಲೆ ಕೆಟ್ಟುಹೋಗಿದೆ. "ದೊಡ್ಡಬಳ್ಳಾಪುರದಲ್ಲಿ ಒಬ್ಬ ಹೆಣ್ಣುಮಗಳು ಆಟ ಪರೀಕ್ಷೆ ಮಾಡುವ ಕೆಲಸ ಮಾಡುತ್ತಾರೆ" ಎಂದಾಗ ನಮ್ಮ ಸಂಪಾದಕರು, "ಚೌಕಾಬಾರಾನಾ?" ಎಂದರು. ಅಲ್ಲ ಸಾರ್ ಎಂದೆ. "ಹಾವು ಏಣಿನಾ? ಕೇರಂ?" ಅದೂ ಅಲ್ಲ. ಇದರಲ್ಲಿ ಮಣೆ ಇಲ್ಲ, ಕಾಯಿ ಇಲ್ಲ, ಎದುರಾಳಿಯೂ ಇಲ್ಲ. ಇರುವುದು ಎರಡು ದಾಳ, ಒಂದು ನಿಯಮದ ಪುಸ್ತಕ, ಬಾಯಿತುಂಬ ಮಾತು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ, ತಾನು ಏನು ಮಾಡುತ್ತೇನೆಂದು ಹೇಳುತ್ತಾ ಹೋಗುತ್ತಾರೆ. ಮಾಡಿದ್ದು ಫಲಿಸುತ್ತೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಹಾಕಬೇಕು. ಪ್ರತಿ ಪಾತ್ರಕ್ಕೂ ಬಲ, ಬುದ್ಧಿ, ಮಾತು ಎಂದು ಮೂರು ಅಂಕಿ. ದಾಳದ ಜೊತೆ ತಕ್ಕ ಅಂಕಿ ಕೂಡಿಸಿ ಹತ್ತಾದರೆ ಗೆಲುವು. ಆಗದಿದ್ದರೆ, ಆಡುವ ಎಲ್ಲರಿಗೂ ಮೊದಲಿಗೆ ಕೊಟ್ಟ ಹತ್ತು 'ಜೀವ'ದಲ್ಲಿ ಒಂದಷ್ಟು ಖೋತಾ. ಜೀವ ಮುಗಿದರೆ ಪಾತ್ರ ಸತ್ತಂತೆ. ಬೇರೆಯವರು ಕೈ ಹಾಕಿ ಸಹಾಯ ಮಾಡಿದರೆ ಕೈಗೊಂದರಂತೆ ಅಂಕಿ ಹೆಚ್ಚುತ್ತದೆ. ಇಷ್ಟನ್ನು ಫೋನಿನಲ್ಲಿ ಹೇಳಿ ಮುಗಿಸುವ ಹೊತ್ತಿಗೆ ಸಂಪಾದಕರು, "ಹಾಗಾದ್ರೆ ಚೌಕಾಬಾರಾ ಥರಾನೇ," ಎಂದರು.

ಬೆಂಗಳೂರಿನ ಕಂಪನಿಯೊಂದು ಇಂಥ ಪುಸ್ತಕ ಮಾಡಿ ಡಬ್ಬಿಯಲ್ಲಿ ಹಾಕಿ ಮಾರಲು ಹೊರಟಿದೆ. ಕಂಪನಿಯ ಹೆಮ್ಮೆ ಏನೆಂದರೆ, ಒಂದೇ ನಿಯಮಗಳ ಕಟ್ಟು ಏಳು ಬಗೆಯ ಕಥೆಗಳಿಗೂ ಆಗುತ್ತದಂತೆ. ರಾಜರ ಯುದ್ಧ, ಕಳ್ಳತನದ ಪತ್ತೆ, ಸಮುದ್ರ ಪ್ರಯಾಣ, ಚಂದ್ರಲೋಕ, ದೆವ್ವ, ಮದುವೆ ಮಾತುಕತೆ, ನಗೆ. ಮುಖಪುಟದ ಮೇಲೆ ಚಿನ್ನದ ಬಣ್ಣದಲ್ಲಿ 'ಯಾವ ಕಥೆಗಾದರೂ ಇದೇ ನಿಯಮ' ಎಂದು ಹಾಕಿದ್ದಾರೆ. ಅದು ನಿಜವೋ ಸುಳ್ಳೋ ಎಂದು ನೋಡುವುದೇ ಸುಮೇರಾ ಅವರ ಕೆಲಸ. ಹದಿನಾಲ್ಕು ತಿಂಗಳಿಂದ ನೋಡುತ್ತಿದ್ದಾರೆ. ಇನ್ನೂರ ಹನ್ನೆರಡು ಸಲ ಆಡಿಸಿದ್ದಾರೆ. ಅದರಲ್ಲಿ ನೂರ ನಲವತ್ತೆಂಟು ಸಲ ಆಟದ ನಡುವೆ ಕರೆಂಟ್ ಬಂದು ಕಥೆ ಅರ್ಧಕ್ಕೆ ನಿಂತಿದೆ. ಕೆಂಪು ಶಾಯಿಯ ಟಿಪ್ಪಣಿ ಹನ್ನೊಂದು ನೋಟ್‌ಬುಕ್ ಆಗಿವೆ.

"ಬೇರೆಯೋರು ಕರೆಂಟ್ ಹೋಯ್ತು ಅಂತ ಬೈತಾರೆ. ನಾನು ಬಂತು ಅಂತ ಬೈಕೋತೀನಿ, ಅದೂ ಬಾಯಿ ಬಿಟ್ಟು ಬಯ್ಯೋಹಾಗಿಲ್ಲ," ಅಂತಾರೆ ಸುಮೇರಾ. ಪಕ್ಕದಲ್ಲಿ ಅವರ ಗಂಡ ಅಫ್ಸರ್, ಈ ನಾಲ್ಕು ಮಗ್ಗಗಳ ಯಜಮಾನ, ನಗುತ್ತಾರೆ. "ಬಯ್ಯಲಿ ಬಿಡಿ ಸಾರ್. ಮಗ್ಗ ಓಡ್ದೇ ಇದ್ರೆ ಟೀಗೂ ಗತಿ ಇಲ್ಲ ಅಂತ ಅವಳಿಗೂ ಗೊತ್ತು."

ಸುಮೇರಾ ಅವರಿಗೆ ಮೂವತ್ತಾರು. ಇದೇ ಊರಿನ ಕನ್ನಡ ಶಾಲೆಯಲ್ಲಿ ಓದಿದವರು. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ. ಹನ್ನೊಂದು ವರ್ಷ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕರಡು ತಿದ್ದುವ ಕೆಲಸ ಮಾಡಿದ್ದಾರೆ. ಮದುವೆ ಕಾರ್ಡು, ದೇವಸ್ಥಾನದ ಕರಪತ್ರ, ಸಹಕಾರ ಸಂಘದ ವರದಿ, ಯಾರೋ ಮೇಷ್ಟರ ಆತ್ಮಕಥೆ. "ಮೂವತ್ತೆರಡು ಪುಸ್ತಕ ತಿದ್ದಿದ್ದೀನಿ ಸರ್. ಒಂದ್ರಲ್ಲೂ ನನ್ನ ಹೆಸ್ರಿಲ್ಲ. ಬೈಂಡಿಂಗ್ ಮಾಡ್ದೋರ್ ಹೆಸ್ರು ಕೂಡ ಇದೆ." ಮಾತಾಡುತ್ತಲೇ ನನ್ನ ನೋಟ್‌ಬುಕ್ಕಿಗೆ ಬಗ್ಗಿ, 'ಪರೀಕ್ಷೆ'ಗೆ ನಾನು ಹಾಕಿದ್ದ ತಪ್ಪು ಒತ್ತಕ್ಷರವನ್ನು ಕೆಂಪು ಪೆನ್ನಿನಿಂದ ತಿದ್ದುತ್ತಾರೆ. ಮೂರು ದಿನದಲ್ಲಿ ನನ್ನ ಟಿಪ್ಪಣಿಗಳಿಗೆ ಅವರು ಹಾಕಿದ ತಿದ್ದುಪಡಿ ಇಪ್ಪತ್ತಕ್ಕೆ ಕಡಿಮೆ ಇಲ್ಲ. ಸಿಟ್ಟು ಬಂತು, ಆದರೆ ಎಲ್ಲವೂ ಸರಿಯಾಗಿದ್ದವು.

ಪ್ರೆಸ್ ಮುಚ್ಚಿದ ಮೇಲೆ ಮನೆಯಲ್ಲಿದ್ದರು. ಕಂಪನಿಯವರು ನಿಯಮ ಪುಸ್ತಕದ ಕನ್ನಡ ತಿದ್ದಿಕೊಡಿ ಎಂದು ಕಳಿಸಿದರು. ಇವರು ಅಕ್ಷರ ತಿದ್ದಿ ಕೊಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಜೊತೆಗೆ ಒಂಬತ್ತು ಪುಟದ ಕಾಗದ ಬರೆದರು. 'ಹದಿನಾಲ್ಕನೇ ಪುಟದಲ್ಲಿ ಸತ್ತವರು ಮಾತಾಡುವಂತಿಲ್ಲ ಎಂದಿದೆ. ಮೂವತ್ತೊಂದನೇ ಪುಟದಲ್ಲಿ ದೆವ್ವಕ್ಕೆ ಮಾತಿನ ಅಂಕಿ ನಾಲ್ಕು ಕೊಟ್ಟಿದ್ದೀರಿ. ಯಾವುದು ಸರಿ?' ಕಂಪನಿಯಲ್ಲಿ ಇದನ್ನು ನೋಡಿಕೊಳ್ಳುವ ಅನಿಲ್‌ಕುಮಾರ್ ಆ ಕಾಗದ ಓದಿ, ಆಟವನ್ನು ಆಡಿಸಿ ನೋಡುವ ಕೆಲಸವನ್ನೇ ಇವರಿಗೆ ಕೊಟ್ಟರು. ಆವತ್ತಿನಿಂದ ಇಬ್ಬರಿಗೂ ನೆಮ್ಮದಿ ಇಲ್ಲ.

ಯುದ್ಧದ ಕಥೆ ಚೆನ್ನಾಗಿ ಓಡುತ್ತದೆ, ಅದನ್ನು ಸುಮೇರಾ ಒಪ್ಪುತ್ತಾರೆ. ಹೊಡೆಯುವುದು, ತಪ್ಪಿಸಿಕೊಳ್ಳುವುದು, ಕೋಟೆ ಹತ್ತುವುದು ಎಲ್ಲಕ್ಕೂ ನಿಯಮ ಮುತ್ತಿನಂತಿದೆ. "ಯಾಕಂದ್ರೆ ಇದು ಹುಟ್ಟಿದ್ದೇ ಯುದ್ಧಕ್ಕೆ. ಉಳಿದ ಆರಕ್ಕೂ ಇದಕ್ಕೇ ಅಂಗಿ ಮಾತ್ರ ಬದಲಾಯ್ಸವ್ರೆ." ಸಮುದ್ರ ಪ್ರಯಾಣವೂ ಪರವಾಗಿಲ್ಲ. ಚಂದ್ರಲೋಕದಲ್ಲಿ ಕತ್ತಿಯ ಬದಲು ಕಿರಣದ ಕೋವಿ ಎಂದು ಬರೆದು ಕೈತೊಳೆದುಕೊಂಡಿದ್ದರಂತೆ. ಅವಸರದಲ್ಲಿ ಒಂದು ಪಟ್ಟಿ ಹಾಗೇ ಉಳಿದುಹೋಗಿತ್ತು. "ಚಂದ್ರನ್ ಮೇಲೆ ಕುದುರೆಗೆ ದಿನಕ್ಕೆ ಎಷ್ಟು ಹುರುಳಿ ಅಂತ ಅರ್ಧ ಪುಟ ಇತ್ತು ಸರ್. ಕುದುರೆ ತೆಗೀರಿ ಅಂತ ಬರ್ದೆ. ಕುದುರೆ ತೆಗ್ದ್ರು. ಹುರುಳಿ ಬಿಟ್ಟಿದ್ರು."

ನಗೆಯ ಕಥೆಯ ವಿಷಯ ಕೇಳಿದರೆ ಅವರಿಗೆ ತಡೆಯಲಾಗುವುದಿಲ್ಲ. ಪಾತ್ರ ಜೋಕ್ ಹೇಳಿದ ಮೇಲೆ ದಾಳ ಹಾಕಬೇಕು, ಹತ್ತು ಬಂದರೆ ಉಳಿದವರು ನಗಬೇಕು ಎಂಬುದು ನಿಯಮ. "ಚಿಕ್ಕಬೀರಪ್ಪಣ್ಣ ಏನೋ ಹೇಳ್ದ, ಎಲ್ರೂ ಬಿದ್ದು ಬಿದ್ದು ನಕ್ವಿ. ದಾಳದಲ್ಲಿ ಆರು ಬಿತ್ತು, ಅವನ ಮಾತಿನ ಅಂಕಿ ಸೇರ್ಸಿದ್ರೂ ಹತ್ತಾಗ್ಲಿಲ್ಲ. ಈಗ ನಕ್ಕಿದ್ದನ್ನ ವಾಪಸ್ ತಗೋಬೇಕಾ?"

ಮದುವೆ ಮಾತುಕತೆಯಂತೂ ಈ ಗಲ್ಲಿಯಲ್ಲಿ ದೊಡ್ಡ ಸುದ್ದಿ. ಒಂದು ದಿನ ಆಟದಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆಯುತ್ತಿತ್ತು. ಕಂಡಿಕೆ ಎಂಬ ಸಣ್ಣ ಕೊಳವೆಗೆ ನೂಲು ಸುತ್ತುವ ಹುಡುಗಿ ಧನುಶ್ರೀ ಮದುವೆಯ ಹೆಣ್ಣು. ಪುಸ್ತಕದ ಪ್ರಕಾರ ಗಂಡಿನ ಸೋದರತ್ತೆಗೆ ಜೀವ ಎಂಟು, ಸೋತವರಿಗೆ 'ಮಾತಿನ ಪೆಟ್ಟು' ಬೀಳುತ್ತದೆ. ಹುಡುಗಿಗೆ ಅಡುಗೆ ಬರುತ್ತಾ ಎಂದು ಅತ್ತೆ ಕೇಳಿದರು. "ನಿಮ್ ಹುಡುಗನಿಗೆ ಬರುತ್ತಾ?" ಎಂದಳು ಧನುಶ್ರೀ. ದಾಳದಲ್ಲಿ ಹನ್ನೆರಡು ಬಿತ್ತು, ಪೆಟ್ಟು ಎರಡು ಪಟ್ಟು, ಅತ್ತೆಯ ಜೀವ ಖಾಲಿ. "ಉಪ್ಪಿಟ್ಟಿನ ತಟ್ಟೆ ಕೈಲಿ ಹಿಡ್ಕೊಂಡೇ ಸತ್ತೋದ್ರು ಸಾರ್ ಅವ್ರು," ಎಂದು ಧನುಶ್ರೀ ಈಗಲೂ ನಗುತ್ತಾಳೆ. ಸುಮೇರಾ ವರದಿ ಕಳಿಸಿದರು. 'ಸತ್ತರು' ಎಂಬಲ್ಲಿ 'ಸುಮ್ಮನಾದರು' ಎಂದು ಓದಿಕೊಳ್ಳಿ ಎಂದು ಉತ್ತರ ಬಂತು. "ಅಯ್ಯೋ ದೇವ್ರೇ! ಗಂಡಿನ್ ಕಡೆ ಅತ್ತೆ ಸುಮ್ಮನಾದ್ಲು ಅಂದ್ರೆ ಕಥೆ ಮುಗೀತು ಅಂತ ಯಾರಾದ್ರೂ ಅಂತಾರಾ ಸರ್? ಅಲ್ಲಿಂದ್ಲೇ ಅಲ್ವಾ ಶುರು?"

ಮಗ್ಗದ ಮೇಲೆ ಸೀರೆಯ ಅಂಚಿನ ಚಿತ್ರ ಕೂರಿಸಲು ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ಹಾಕುತ್ತಾರೆ. ಅದರತ್ತ ಕೈ ತೋರಿಸಿ ಚಿಕ್ಕಬೀರಪ್ಪ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. "ಕಾರ್ಡ್ ಬದಲಾಯ್ಸಿದ್ರೆ ಬಾರ್ಡರ್ ಬದಲಾಗ್ತದೆ ಸಾರ್. ನವಿಲಾಗ್ತದೆ, ಮಾವಿನಕಾಯಾಗ್ತದೆ. ಇದೇ ಮಗ್ಗದಾಗೆ ಕಂಬಳಿ ನೇಯಿ ಅಂದ್ರೆ ಎಲ್ಲಿಂದ ನೇಯ್ಲಿ?"

ಇದನ್ನೆಲ್ಲ ಕೇಳಿಸಿಕೊಂಡು ನಾನು ಅನಿಲ್‌ಕುಮಾರ್ ಅವರಿಗೆ ಫೋನ್ ಮಾಡುತ್ತೇನೆ. ಅವರ ಮನೆ ಬೂದಿಗೆರೆಯ ಹೊಸ ಅಪಾರ್ಟ್‌ಮೆಂಟಿನಲ್ಲಿ. ಪಾಪ, ಕೆಟ್ಟ ಮನುಷ್ಯನಲ್ಲ. "ಮೇಡಂ ಹೇಳೋದು ನೂರಕ್ಕೆ ನೂರು ಸರಿ ಸರ್. ಆದ್ರೆ ಒಂದೊಂದ್ ಬಗೆಗೆ ಒಂದೊಂದ್ ಪುಸ್ತಕ ಅಂದ್ರೆ ಯಾರ್ ತಗೋತಾರೆ? ಒಂದೇ ಡಬ್ಬಿ, ಏಳು ಕಥೆ, ನಮ್ಮ ಮಾರಾಟ ನಿಂತಿರೋದೇ ಅದ್ರ ಮೇಲೆ. ಸೋಮವಾರ ಪ್ರಿಂಟಿಗೆ ಹೋಗ್ಬೇಕು. ಮೇಡಂ ಒಂದ್ ಸೈನ್ ಹಾಕಿದ್ರೆ ಮುಗೀತು. ಹಾಕ್ತಾ ಇಲ್ಲ!" ಅವರ ದನಿಯಲ್ಲೂ ಸುಸ್ತು.

ಎಲ್ಲ ಬಂದು ನಿಂತಿರುವುದು ಆ ಸಹಿಯ ಮೇಲೆ. ಸುಮೇರಾ ಅವರ ಡಬ್ಬಿಯಲ್ಲಿ ದಾಳದ ಕೆಳಗೆ ಮಡಚಿಟ್ಟ ಒಂದು ಹಾಳೆ ಇದೆ. 'ಏಳೂ ಬಗೆಯ ಕಥೆಗಳಲ್ಲಿ ಆಡಿಸಿ ನೋಡಿದ್ದೇನೆ, ನಿಯಮಗಳು ಸರಿಯಾಗಿವೆ' ಎಂದು ಅಚ್ಚಾಗಿದೆ. ಕೆಳಗೆ ಸಹಿ ಹಾಕಿದರೆ ಪುಸ್ತಕದ ಮೊದಲ ಪುಟದಲ್ಲಿ 'ಪರೀಕ್ಷಿಸಿದವರು: ಸುಮೇರಾ, ದೊಡ್ಡಬಳ್ಳಾಪುರ' ಎಂದು ಬರುತ್ತದೆ. ಮೂವತ್ತೆರಡು ಪುಸ್ತಕದಲ್ಲಿ ಸಿಗದ ಹೆಸರು. ಹಾಕದಿದ್ದರೆ ಹೆಸರೂ ಇಲ್ಲ, ಮುಂದಿನ ಪುಸ್ತಕದ ಕೆಲಸವೂ ಇವರಿಗಿಲ್ಲ ಎಂದು ಕಂಪನಿಯ ಮೇಲಿನವರು ಸೂಚ್ಯವಾಗಿ ಹೇಳಿಯಾಗಿದೆ. ಸುಮೇರಾ 'ಅಮ್ಮಿ' ಎಂದು ಕರೆಯುವ ಅತ್ತೆ ಅನ್ವರ್ ಬೇಗಂ ಕನ್ನಡ ಓದಲಾರರು, ಆದರೂ ದಿನಾ ಕೇಳುತ್ತಾರಂತೆ: ಪುಸ್ತಕ ಬಂತಾ, ಹೆಸರು ಎಲ್ಲಿದೆ ತೋರಿಸು.

"ಹಾಕ್ಬಿಡಿ. ಎಲ್ರೂ ಹಾಕ್ತಾರೆ," ಎಂದೆ ನಾನು, ಬುದ್ಧಿ ಇಲ್ಲದೆ.

ಸುಮೇರಾ ಡಬ್ಬಿಯ ಮುಚ್ಚಳ ಹಾಕುತ್ತಾರೆ. "ತಪ್ಪಿದೆ ಅಂತ ಗೊತ್ತಿದ್ದೂ ಸರಿ ಅಂತ ಬರ್ದು, ಅದ್ರ ಕೆಳಗೆ ನನ್ ಹೆಸ್ರು ಹಾಕ್ಸೋದಾ? ಇಷ್ಟು ವರ್ಷ ಹೆಸ್ರಿಲ್ದೆ ಇದ್ದಿದ್ದೇ ವಾಸಿ ಆಗುತ್ತೆ ಆಮೇಲೆ."

ಮದುವೆ ಮತ್ತು ನಗೆ ಕೈಬಿಟ್ಟು ಹೋಗಲಿ ಎಂದು ಅವರು ಮನಸ್ಸು ಮಾಡಿಕೊಂಡಿದ್ದಾರೆ. ಬಿಡಲಾರದೆ ಒದ್ದಾಡುತ್ತಿರುವುದು ದೆವ್ವದ ಕಥೆಗೆ. ಮೂರು ತಿಂಗಳಿಂದ ಹತ್ತೊಂಬತ್ತು ಸಲ ಆಡಿಸಿ, ಹತ್ತೊಂಬತ್ತು ಸಲವೂ ದೆವ್ವ ಒದೆ ತಿಂದಿದೆ. ಅದಕ್ಕೆ ಕಾರಣ ಈ ಶೆಡ್ಡಿನ ಒಂದು ರೂಢಿ. ಮಗ್ಗದಲ್ಲಿ ಎಳೆ ಕಿತ್ತರೆ ಅದು ಯಾರ ಮಗ್ಗ ಎಂದು ಇಲ್ಲಿ ಯಾರೂ ನೋಡುವುದಿಲ್ಲ. ಮಗ್ಗದವರು ನೀರು ಕುಡಿಯಲು ಹೋಗಿದ್ದರೆ ಹತ್ತಿರ ಇದ್ದವರು ನಿಲ್ಲಿಸಿ, ಎಳೆ ಕಟ್ಟಿ, ಮತ್ತೆ ಓಡಿಸುತ್ತಾರೆ. ಕೇಳುವುದಿಲ್ಲ, ಹೇಳುವುದೂ ಇಲ್ಲ. ಆಟಕ್ಕೆ ಕೂತಾಗಲೂ ಅದೇ. ಒಬ್ಬರು ಕಷ್ಟಕ್ಕೆ ಸಿಕ್ಕಿದರೆ ಐದು ಕೈ ತಾನಾಗಿಯೇ ಮುಂದೆ ಬರುತ್ತದೆ. ಪುಸ್ತಕ ಬರೆದವರು ಆಟಗಾರರು ಒಬ್ಬೊಬ್ಬರೇ ಕತ್ತಲೆ ಕೋಣೆಗೆ ಹೋಗುತ್ತಾರೆ ಎಂದುಕೊಂಡಿದ್ದರು. ದೊಡ್ಡಬಳ್ಳಾಪುರದಲ್ಲಿ ಆರೂ ಜನ ಒಟ್ಟಿಗೆ ಹೋಗುತ್ತಾರೆ. ಆಗ ದಾಳ ಸೋಲುವುದೇ ಇಲ್ಲ.

ತಮಾಷೆ ಎಂದರೆ, ಇದೇ ಕೈಗಳು ಪತ್ತೇದಾರಿ ಕಥೆಯನ್ನು ಉಳಿಸಿವೆ. ಅಲ್ಲಿ ದಾಳ ಸೋತರೆ ಕಳ್ಳನ ಸುಳಿವು ಸಿಗುವುದಿಲ್ಲ, ಸುಳಿವು ಸಿಗದಿದ್ದರೆ ಕಥೆ ಅಲ್ಲೇ ಕೂರುತ್ತದೆ. ಎಲ್ಲರೂ ಸೇರಿ ಹುಡುಕಿದರೆ ಸಿಗುತ್ತದೆ, ಕಥೆ ಓಡುತ್ತದೆ. "ಒಂದೇ ರೂಲು. ಕಳ್ಳನ್ ಕಥೆಗೆ ಔಷಧಿ, ದೆವ್ವದ್ ಕಥೆಗೆ ವಿಷ. ಇದನ್ನ ಎಷ್ಟ್ ಸಲ ಬರೀಲಿ ಅನಿಲ್ ಸರ್‌ಗೆ?" ನಿಮ್ಮವರು ತಪ್ಪಾಗಿ ಆಡುತ್ತಿದ್ದಾರೆ, ಸಹಾಯ ಮಾಡಬೇಡಿ ಎಂದು ಹೇಳಿ ಎಂಬ ಉತ್ತರ ಕಂಪನಿಯಿಂದ ಬಂತು. ಸುಮೇರಾ ಹಾಗೇ ಹೇಳಿ ನೋಡಿದರು. ಮುನಿಲಕ್ಷ್ಮಮ್ಮ ಅವತ್ತು ದಾಳವನ್ನೇ ಎತ್ತಿ ಡಬ್ಬಿಗೆ ಹಾಕಿದರಂತೆ. "ಅದ್ಯಾವ್ ಸೀಮೆ ಆಟ ಕಣಮ್ಮ? ಒಬ್ಳು ಬಾವಿಗ್ ಬೀಳ್ತಾ ಇದ್ರೆ ಉಳಿದೋರು ಕೈ ಕಟ್ಕೊಂಡ್ ನೋಡ್ಬೇಕಾ? ಬರಲ್ಲ ನಾನು, ಹೋಗು."

ಶುಕ್ರವಾರ ಮಧ್ಯಾಹ್ನ ನನ್ನ ಫೋನ್ ಹೊಡೆದುಕೊಳ್ಳುತ್ತದೆ. ಹಿಂದೆ ಮಗ್ಗದ ಸದ್ದು, ಮುಂದೆ ಸುಮೇರಾ ಅವರ ಕೂಗು. "ಸರ್, ಧನುಶ್ರೀ ಬೆರಳಿಗೆ ಪೆಟ್ಟಾಯ್ತು! ನಾಳೆ ಬೆಳಿಗ್ಗೆ ಬನ್ನಿ!" ನನಗೆ ತಲೆಬುಡ ಅರ್ಥವಾಗುವುದಿಲ್ಲ. ಪೆಟ್ಟಾದರೆ ಆಸ್ಪತ್ರೆಗೆ ಹೋಗಲಿ, ನಾನು ಬಂದು ಏನು ಮಾಡಲಿ? ಆಮೇಲೆ ಅವರು ಒಳಗೆ ಹೋಗಿ ಕದ ಹಾಕಿಕೊಂಡು ಬಿಡಿಸಿ ಹೇಳುತ್ತಾರೆ. ಮುನಿಲಕ್ಷ್ಮಮ್ಮನ ಮಗ್ಗದಲ್ಲಿ ಎಳೆ ಕಿತ್ತಿತ್ತು. ಅವರು ಹೊರಗೆ ಹೋಗಿದ್ದರು. ಧನುಶ್ರೀ ಎಳೆ ಕಟ್ಟಿ ಮಗ್ಗ ಓಡಿಸಿದಳು. ಅಡ್ಡನೂಲು ಹೊತ್ತು ಆಚೆ ಈಚೆ ಓಡುವ ಲಾಳಿ ಹಾರಿ ಬಂದು ಬೆರಳಿಗೆ ಬಡಿಯಿತು. ಉಗುರು ನೀಲಿಯಾಗಿದೆ, ಮೂಳೆಗೇನೂ ಆಗಿಲ್ಲ.

"ನಾನು ಐಸ್ ಇಡ್ತಾ ಇದ್ದೆ ಸರ್. ಇಡ್ತಾ ಇಡ್ತಾನೇ ಹೊಳೀತು. ಎಳೆ ಕಟ್ಟೋಕ್ ಹೋದೋಳಿಗೂ ಪೆಟ್ಟು ಬೀಳುತ್ತೆ. ಎಲ್ರಿಗೂ ಗೊತ್ತು, ಆದ್ರೂ ಕಟ್ತಾರೆ. ಆಟದಲ್ಲಿ ಮಾತ್ರ ಸಹಾಯ ಪುಕ್ಕಟೆ. ಅದಕ್ಕೇ ಭಯ ಇಲ್ಲ." ಆ ಹುಡುಗಿ ಬೆರಳು ಹಿಡಿದುಕೊಂಡು ಅಳುತ್ತಿದ್ದರೆ ಇವರು ಕೆಂಪು ಪೆನ್ನು ಹುಡುಕುತ್ತಿದ್ದರಂತೆ. ಅದನ್ನೂ ಅವರೇ ನಾಚಿಕೊಂಡು ಹೇಳುತ್ತಾರೆ.

ಹೊಸ ನಿಯಮ ಒಂದೂವರೆ ಸಾಲು. 'ದೆವ್ವದ ಕಥೆಯಲ್ಲಿ ಕೈ ಹಾಕಿದವರು ತಮ್ಮ ಜೀವದಲ್ಲಿ ಒಂದನ್ನು ಮೊದಲೇ ಕಳೆದುಕೊಳ್ಳಬೇಕು, ದಾಳ ಏನೇ ಬೀಳಲಿ.' ಸಹಾಯ ಮಾಡಬೇಡಿ ಎಂದು ಯಾರಿಗೂ ಹೇಳುವುದಿಲ್ಲ. ಮಾಡಿ, ಆದರೆ ಅದಕ್ಕೆ ನಿಮ್ಮದೇ ಒಂದಿಷ್ಟು ಹೋಗುತ್ತದೆ.

ಶನಿವಾರ ಬೆಳಿಗ್ಗೆ ಐದೂವರೆಗೆ ನಾನು ಹೋಗುವ ಹೊತ್ತಿಗೆ ಶೆಡ್ಡಿನ ಮುಂದೆ ಕಾರು ನಿಂತಿದೆ. ಅನಿಲ್‌ಕುಮಾರ್ ಬಂದಿದ್ದಾರೆ, ಕೈಯಲ್ಲಿ ಪೆನ್ನು. ಸಹಿ ಹಾಕಿಸಿಕೊಂಡೇ ಹೋಗುತ್ತೇನೆ ಎಂಬ ಮುಖ. ಕರೆಂಟ್ ಇದೆ, ಮಗ್ಗಗಳು ಬಡಿದುಕೊಳ್ಳುತ್ತಿವೆ, ಯಾರ ಮಾತೂ ಕೇಳುತ್ತಿಲ್ಲ. ಅವರು ಕೈಸನ್ನೆಯಲ್ಲಿ ಹಾಳೆ ತೋರಿಸುತ್ತಾರೆ, ಸುಮೇರಾ ಕೈಸನ್ನೆಯಲ್ಲೇ ಕಾಯಿರಿ ಎನ್ನುತ್ತಾರೆ. ಅರ್ಧ ಗಂಟೆ ಮೂವರೂ ಪೆದ್ದರ ಹಾಗೆ ನಿಂತು ಕರೆಂಟ್ ಹೋಗಲಿ ಎಂದು ಕಾಯುತ್ತೇವೆ. ಕೊನೆಗೆ ಆರು ಗಂಟೆಗೆ ಹೋಗುತ್ತದೆ. ಅಫ್ಸರ್ ತಲೆ ಚಚ್ಚಿಕೊಳ್ಳುತ್ತಾರೆ, ಸುಮೇರಾ ಡಬ್ಬಿ ತೆಗೆಯುತ್ತಾರೆ.

ಆಡುವವರು ಆರು ಜನ. ಮುನಿಲಕ್ಷ್ಮಮ್ಮ, ಚಿಕ್ಕಬೀರಪ್ಪ, ಬೆರಳಿಗೆ ಪಟ್ಟಿ ಸುತ್ತಿಕೊಂಡ ಧನುಶ್ರೀ, ಅಫ್ಸರ್, ಪಕ್ಕದ ಶೆಡ್ಡಿನ ಇಬ್ಬರು. ಬಾವಿಯನ್ನು ಸುಮೇರಾ ಈ ಸಲ ಸಾಸಲಿನ ಹತ್ತಿರವೇ ತಂದಿದ್ದಾರೆ. ಮುನಿಲಕ್ಷ್ಮಮ್ಮನಿಗೆ ಅಲ್ಲಿನ ಬಾವಿಗಳು ಚೆನ್ನಾಗಿ ಗೊತ್ತು. ಕಥೆ ಶುರುವಾದಾಗ ಎಂದಿನಂತೆ ಐದು ಕೈ ಬರುತ್ತವೆ. "ಎಲ್ರೂ ಒಂದೊಂದು ಜೀವ ಕಳೀರಿ," ಅಂತಾರೆ ಸುಮೇರಾ. ಕಳೆಯುತ್ತಾರೆ, ನಗುತ್ತಲೇ. ಎರಡನೇ ಸಲವೂ ಐದು ಕೈ. ಐದನೇ ಸಲಕ್ಕೆ ನಾಲ್ಕು. ಅಲ್ಲಿಂದ ಮುಂದೆ ಒಬ್ಬೊಬ್ಬರೂ ಜೀವದ ಲೆಕ್ಕ ಬರೆದುಕೊಂಡ ತಮ್ಮ ಚೀಟಿಯ ಅಂಕಿ ನೋಡಿಕೊಳ್ಳಲು ಶುರು ಮಾಡುತ್ತಾರೆ. ಮೂರು ಕೈ, ಎರಡು ಕೈ. ದಾಳ ಸೋಲತೊಡಗುತ್ತದೆ, ಸೋತಾಗ ಇನ್ನಷ್ಟು ಜೀವ ಹೋಗುತ್ತದೆ. ಪಕ್ಕದ ಶೆಡ್ಡಿನ ಇಬ್ಬರೂ ಕಥೆಯಿಂದ ಹೊರಗೆ ಬೀಳುತ್ತಾರೆ. ನಗು ಯಾವಾಗ ನಿಂತಿತೆಂದು ನನಗೆ ಗೊತ್ತಾಗಲಿಲ್ಲ. ಅನಿಲ್‌ಕುಮಾರ್ ಪೆನ್ನನ್ನು ಜೇಬಿಗೆ ಹಾಕಿಕೊಂಡು ಗೋಣಿಚೀಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾರೆ.

ಮುನಿಲಕ್ಷ್ಮಮ್ಮ ಬಾವಿಯೊಳಗೆ ಹಗ್ಗ ಹಿಡಿದು ನೇತಾಡುತ್ತಿದ್ದಾರೆ. ಅವರಿಗೆ ಉಳಿದಿರುವುದು ಒಂದೇ ಜೀವ. ಉಳಿದ ಮೂವರಿಗೂ ಒಂದೊಂದೇ.

"ಕೆಳಗಿಂದ ಯಾರೋ ನಿಮ್ ಸೆರಗು ಹಿಡ್ಕೊಂಡ್ರು ಅಕ್ಕಾ. ಮೆತ್ತಗೆ. ಎಳೀತಾ ಇಲ್ಲ. ಸುಮ್ನೆ ಹಿಡ್ಕೊಂಡವ್ರೆ."

ಮುನಿಲಕ್ಷ್ಮಮ್ಮ ನಿಜವಾಗಿಯೂ ಸೆರಗನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. "ಮೇಲೆ ಬರ್ತೀನಿ," ಅನ್ನುತ್ತಾರೆ. ಸುತ್ತ ನೋಡುತ್ತಾರೆ. ಯಾರ ಕೈಯೂ ಬರುವುದಿಲ್ಲ. ಧನುಶ್ರೀ ಪಟ್ಟಿ ಸುತ್ತಿದ ಕೈಯನ್ನು ಅರ್ಧ ಎತ್ತಿ, ಹಿಂದಕ್ಕೆ ತೆಗೆದುಕೊಂಡು, ಅಳುಮುಖ ಮಾಡುತ್ತಾಳೆ. ಅಫ್ಸರ್ ನೆಲ ನೋಡುತ್ತಾರೆ. ಹತ್ತೊಂಬತ್ತು ಸಲ ಕೇಳುವ ಮೊದಲೇ ಬಂದ ಕೈಗಳು ಇವು. ಮುನಿಲಕ್ಷ್ಮಮ್ಮ ಯಾರನ್ನೂ ಕರೆಯುವುದಿಲ್ಲ. ಕರೆದರೆ ಬಂದವರು ಹೋಗುತ್ತಾರೆ ಎಂದು ಅವರಿಗೂ ಗೊತ್ತು. ದಾಳ ಕೈಗೆ ತೆಗೆದುಕೊಳ್ಳುತ್ತಾರೆ.

"ತಡಿ," ಅಂತಾರೆ ಚಿಕ್ಕಬೀರಪ್ಪ. "ಹಗ್ಗ ನನ್ ಕೈಲೇ ಅಲ್ವಾ ಇರೋದು." ಎಣ್ಣೆ ಮೆತ್ತಿದ ದೊಡ್ಡ ಕೈಯನ್ನು ಮುಂದಿಡುತ್ತಾರೆ.

ದಾಳದಲ್ಲಿ ನಾಲ್ಕು, ಎರಡು. ಆರಾಯಿತು. ಬಲ ಮೂರು, ಒಂಬತ್ತು. ಕೈ ಒಂದು, ಹತ್ತು. ಮುನಿಲಕ್ಷ್ಮಮ್ಮ ಮೇಲೆ ಬರುತ್ತಾರೆ. ಬಾವಿಕಟ್ಟೆಯ ಮೇಲೆ ಹಗ್ಗ ಇದೆ, ಹಗ್ಗ ಹಿಡಿದವನಿಲ್ಲ ಎಂದು ಸುಮೇರಾ ಹೇಳುತ್ತಾರೆ. ಚಿಕ್ಕಬೀರಪ್ಪ ತಮ್ಮ ಚೀಟಿಯನ್ನು ಮಡಚಿ ಡಬ್ಬಿಗೆ ಹಾಕುತ್ತಾರೆ.

ಮುನಿಲಕ್ಷ್ಮಮ್ಮ ಕಣ್ಣೊರೆಸಿಕೊಂಡು ಚಿಕ್ಕಬೀರಪ್ಪನನ್ನು ಬಯ್ಯಲು ಶುರು ಮಾಡುತ್ತಾರೆ. "ನಿನಗ್ಯಾವನ್ಲಾ ಹೇಳ್ದೋನು ಕೈ ಹಾಕು ಅಂತ? ಮನೇಲಿ ಹೆಂಡ್ತಿ ಮಕ್ಳಿಲ್ವಾ ನಿಂಗೆ? ಬುದ್ಧಿ ಬ್ಯಾಡ್ವಾ?" ಆಟ ಅಕ್ಕಾ, ಆಟ ಎಂದು ಧನುಶ್ರೀ ಸಮಾಧಾನ ಮಾಡುತ್ತಾಳೆ, ತಾನೂ ಅಳುತ್ತಾ. ಚಿಕ್ಕಬೀರಪ್ಪ ತಲೆ ತಗ್ಗಿಸಿಕೊಂಡು ಬೈಸಿಕೊಳ್ಳುತ್ತಾರೆ. ಆಗ ನಾನು ತಲೆಯೆತ್ತಿ ನೋಡಿದರೆ ಮಗ್ಗದ ಮೇಲಿನ ಬಲ್ಬು ಉರಿಯುತ್ತಿದೆ. ಯಾವಾಗ ಕರೆಂಟ್ ಬಂತೋ ಗೊತ್ತಿಲ್ಲ.

ಸುಮೇರಾ ಡಬ್ಬಿಯಿಂದ ಹಾಳೆ ತೆಗೆದು, ಅಚ್ಚಾಗಿದ್ದ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕುತ್ತಾರೆ. ಮೇಲೆ ಬರೆಯುತ್ತಾರೆ: 'ಐದು ಬಗೆಗೆ ಸರಿ. ದೆವ್ವಕ್ಕೆ ಹೊಸ ನಿಯಮ ಸೇರಿಸಿದರೆ ಮಾತ್ರ. ಮದುವೆ ಮಾತುಕತೆಗೂ ನಗೆಗೂ ಇದು ಒಗ್ಗುವುದಿಲ್ಲ.' ಕೆಳಗೆ ದುಂಡಗೆ ಸಹಿ. ಅನಿಲ್‌ಕುಮಾರ್ ಅದನ್ನು ಓದಿ ಉಸಿರು ಬಿಡುತ್ತಾರೆ. "ಮುಖಪುಟ ಆಗ್ಲೇ ಅಚ್ಚಾಗಿದೆ ಮೇಡಂ, ಅದನ್ನ ತೆಗ್ಸೋಕಾಗಲ್ಲ. ಹೊಸ ರೂಲನ್ನ ಇಪ್ಪತ್ತೆರಡನೇ ಪುಟದಲ್ಲಿ, ಕೈ ಹಾಕೋ ರೂಲ್ ಕೆಳಗೆ, ನಾನೇ ಕೂತು ಸೇರ್ಸ್ತೀನಿ. ಆದ್ರೆ ಹೀಗ್ ಬರ್ದಿದ್ದಕ್ಕೆ ನಿಮ್ ಹೆಸ್ರು ಹಾಕ್ತಾರೋ ಇಲ್ವೋ, ಸುಳ್ಳು ಹೇಳಲ್ಲ, ನಂಗೊತ್ತಿಲ್ಲ." ಸುಮೇರಾ ತಲೆಯಾಡಿಸುತ್ತಾರೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅನ್ವರ್ ಬೇಗಂ ಸೊಸೆಯ ಮುಖ ನೋಡಿ, ಏನೂ ಕೇಳದೆ ಟೀ ತರಲು ಒಳಗೆ ಹೋಗುತ್ತಾರೆ.

ಹದಿನಾಲ್ಕು ತಿಂಗಳು ದುಡಿದು, ಕೊನೆಗೆ ಹೆಸರು ಇದ್ದರೂ ಇರಬಹುದು ಎಂದರೆ ಏನರ್ಥ? ಬೇಸರ ಆಗೋದಿಲ್ಲವೇ ಎಂದು ಕೇಳುತ್ತೇನೆ. ಮಗ್ಗಗಳು ಒಂದೊಂದಾಗಿ ಸದ್ದು ಎತ್ತುತ್ತಿವೆ. ಸುಮೇರಾ ಗೋಡೆಯ ಮೇಲಿನ ಸೀಮೆಸುಣ್ಣದ ಸಾಲನ್ನು ದುಪಟ್ಟಾದ ತುದಿಯಲ್ಲಿ ಒರೆಸಿ, ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳುತ್ತಾರೆ.

"ಹೆಸ್ರು ಹಾಕಿದ್ರೆ ಅಮ್ಮಿಗೆ ತೋರಿಸ್ತೀನಿ. ಹಾಕ್ದೇ ಇದ್ರೆ ಇಪ್ಪತ್ತೆರಡನೇ ಪುಟ ತೋರಿಸ್ತೀನಿ. ನೀವು ಇದೊಂದು ಬರ್ಕೊಳ್ಳಿ ಸರ್, ಅಕ್ಷರ ತಪ್ಪದಂಗೆ ಬರ್ಕೊಳ್ಳಿ. ಇವತ್ತು ಕರೆಂಟ್ ಬಂದು ಏಳು ನಿಮಿಷ ಆಗಿತ್ತು. ನಾನು ಗಡಿಯಾರ ನೋಡ್ತಾನೇ ಇದ್ದೆ. ಒಬ್ರೂ ಮಗ್ಗಕ್ಕೆ ಏಳ್ಲಿಲ್ಲ."